ಇಸಿಂಗ್ ಕೊಂಡ 'ಇಲ್ಲ'

ಮಗಳ ಆಟ ಎಗೊನ್‌ಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಅದನ್ನು ಅವನು ಯಾರಿಂದಲೂ ಮುಚ್ಚಿಟ್ಟವನೂ ಅಲ್ಲ. ಐವರು ಈ ಕಡೆ, ಐವರು ಆ ಕಡೆ, ಎಲ್ಲರೂ ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿ ಕೂತಿರುತ್ತಾರೆ. ಪರದೆಯ ಮೇಲೆ ಯಾರೋ ಓಡುತ್ತಾರೆ, ಗುಂಡು ಹಾರುತ್ತದೆ, ಯಾರೋ ಬೀಳುತ್ತಾರೆ, ಎರಡು ಸಾವಿರ ಜನ ಎದ್ದು ಕೂಗುತ್ತಾರೆ. ಯಾಕಪ್ಪಾ ಕೂಗಿದಿರಿ ಎಂದು ಪಕ್ಕದವರನ್ನು ಕೇಳುವಷ್ಟರಲ್ಲಿ ಮುಂದಿನ ಸುತ್ತು ಶುರುವಾಗಿರುತ್ತದೆ.

ಅವನಿಗೆ ಅರ್ಥವಾಗುತ್ತಿದ್ದದ್ದು ದರ. ನಮ್ಮ ಹಾನ್ಸ್ಟ್‌ಹೋಲ್ಮ್ ಬಂದರಿನ ಮೀನು ಹರಾಜಿನಲ್ಲಿ ಮೂವತ್ತನಾಲ್ಕು ವರ್ಷ ಕೂಗಿದ ಗಂಟಲು ಅವನದು. ಮೀನಿನ ಪೆಟ್ಟಿಗೆಗಳ ಸಾಲಿನುದ್ದಕ್ಕೂ ನಡೆಯುತ್ತಾ, ಕೊಳ್ಳುವವನ ಹುಬ್ಬು ನೋಡಿಯೇ ಇವನು ಇನ್ನೆಷ್ಟು ಏರುತ್ತಾನೆ ಎಂದು ಹೇಳಬಲ್ಲವನಾಗಿದ್ದ. ಹರಾಜೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಗಂಟಲಿಗೆ ಕೆಲಸವಿಲ್ಲದೆ ಮನೆಗೆ ಬಂದು ಕೂತ. ಊಹೆಪೇಟೆ ಅವನ ಕಣ್ಣಿಗೆ ಬಿದ್ದದ್ದು ಆಗಲೇ.

ಊಹೆಪೇಟೆ ಫೋನಿನಲ್ಲಿ ನಡೆಯುವ ಸಂತೆ. ಮಗಳು ಮಾಯ್ಕೆನ್‌ಳ ಟೀಮು ಇವತ್ತು ಗೆಲ್ಲುತ್ತದೆಯೇ ಎಂದು ಒಂದು ಪ್ರಶ್ನೆ ಇರುತ್ತದೆ. ಅದಕ್ಕೆ 'ಹೌದು' ಎಂಬ ಚೀಟಿಯನ್ನೂ ಕೊಳ್ಳಬಹುದು, 'ಇಲ್ಲ' ಎಂಬ ಚೀಟಿಯನ್ನೂ ಕೊಳ್ಳಬಹುದು. ಆಟ ಮುಗಿದಾಗ ನಿಜವಾದ ಚೀಟಿಗೆ ನೂರು, ಸುಳ್ಳಾದದ್ದಕ್ಕೆ ಸೊನ್ನೆ. ಅಲ್ಲಿಯವರೆಗೆ ಜನ ಕೊಂಡಂತೆ ಮಾರಿದಂತೆ ದರ ಏರುತ್ತದೆ, ಇಳಿಯುತ್ತದೆ. ಯಾರ ಕೈಯಲ್ಲಿ ಎಷ್ಟು ಚೀಟಿ ಇದೆ ಎಂಬ ಪಟ್ಟಿ ಎಲ್ಲರಿಗೂ ಕಾಣುವಂತೆ ತೂಗುಹಾಕಿರುತ್ತಾರೆ, ಅಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರು. 'ಹೌದು' ಅರವತ್ತಕ್ಕೆ ಏರಿದೆ ಎಂದರೆ ಮಗಳು ಚೆನ್ನಾಗಿ ಆಡುತ್ತಿದ್ದಾಳೆ ಎಂದು ಎಗೊನ್‌ಗೆ ಹೊಟ್ಟೆ ತಣ್ಣಗಾಗುತ್ತಿತ್ತು. ನಲವತ್ತಕ್ಕೆ ಬಿದ್ದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೀಗಾಗಿ ಅವನು ಪಂದ್ಯಕ್ಕೆ ಹೋದರೂ ವೇದಿಕೆ ನೋಡುತ್ತಿರಲಿಲ್ಲ, ಫೋನಿನಲ್ಲಿ ಆ ದರದ ಗೆರೆಯನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ.

"ಎಗೊನ್, ಮಗಳು ಅಲ್ಲಿ ವೇದಿಕೆ ಮೇಲಿದ್ದಾಳೆ, ನಿನ್ನ ಅಂಗೈಲಿ ಇಲ್ಲ," ಎಂದು ಹೆಂಡತಿ ಯುಟ್ಟೆ ಎಷ್ಟು ಸಲ ತಿವಿದಿದ್ದಳೋ.

"ನಂಗೆ ಇಲ್ಲೇ ಚೆನ್ನಾಗಿ ಕಾಣ್ತಾಳೆ ಬಿಡು," ಎನ್ನುತ್ತಿದ್ದ ಅವನು.

ಮಾಯ್ಕೆನ್ ಅವರಿಗೆ ಮದುವೆಯಾಗಿ ಹದಿನಾಲ್ಕು ವರ್ಷದ ಮೇಲೆ ಹುಟ್ಟಿದವಳು. ಎಗೊನ್ ಅವಳನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. ಅವಳು ಅವನಿಗೆ ಇಸಿಂಗ್. ಬಲೆಯ ತಳದಲ್ಲಿ ಸಿಗುವ ಅಂಗೈಯಗಲದ ಚಪ್ಪಟೆ ಮೀನು ಅದು, ಹರಾಜಿನಲ್ಲಿ ಅದಕ್ಕೆ ಯಾರೂ ಕೂಗುವುದಿಲ್ಲ, ಕೂಗುವವನೇ ಮನೆಗೆ ಒಯ್ಯುತ್ತಾನೆ. ಪಂದ್ಯಗಳಲ್ಲಿ ಅವನು "ಇಸಿಂಗ್!" ಎಂದು ಒಮ್ಮೆ ಹರಾಜಿನ ಗಂಟಲಲ್ಲಿ ಕೂಗಿದನೆಂದರೆ ಸಭಾಂಗಣದ ಕೊನೆಯ ಸಾಲಿನವರೂ ತಿರುಗಿ ನೋಡುತ್ತಿದ್ದರು. ಟೀಮಿನ ಹುಡುಗಿಯರೆಲ್ಲ ಅವಳನ್ನು ಹಾಗೆಯೇ ಕರೆದು ರೇಗಿಸುತ್ತಿದ್ದರು.

ಅಪ್ಪ ಮಗಳ ನಡುವೆ ಒಂದು ಪದ್ಧತಿ ಇತ್ತು. ಚಿಕ್ಕಂದಿನಲ್ಲಿ ಅವಳು ಶಾಲೆಯ ಹ್ಯಾಂಡ್‌ಬಾಲ್ ಟೀಮಿನಲ್ಲಿದ್ದಳು. ಸೋತು ಅಳುತ್ತಾ ಬಂದ ದಿನ ಎಗೊನ್ ಅವಳನ್ನು ಬಂದರಿನ ಗೂಡಂಗಡಿಗೆ ಕರೆದೊಯ್ದು ಐಸ್‌ಕ್ರೀಮ್ ಕೊಡಿಸುತ್ತಿದ್ದ, ಮೇಲೆ ಜ್ಯೇಷ್ಠಮಧುವಿನ ಕಪ್ಪು ಪುಡಿ ಉದುರಿಸಿ. ಅದಕ್ಕೆ ಮನೆಯಲ್ಲಿ ಸಮಾಧಾನದ ಐಸ್‌ಕ್ರೀಮ್ ಎಂದು ಹೆಸರು. ಗೆದ್ದ ದಿನ ಐಸ್‌ಕ್ರೀಮ್ ಇಲ್ಲ. ಗೆದ್ದವರಿಗೆ ಸಮಾಧಾನ ಯಾಕೆ?

ಊಹೆಪೇಟೆಯಲ್ಲೂ ಎಗೊನ್ ಇದನ್ನೇ ಮುಂದುವರಿಸಿದ. ತನಗೆ ಅಡ್ಡಹೆಸರು ಕೇಳಿದಾಗ ಯೋಚಿಸದೆ 'ಇಸಿಂಗ್' ಎಂದೇ ಬರೆದ. ಪ್ರತಿ ಪಂದ್ಯದ ಮುಂಚೆ ಸ್ವಲ್ಪ 'ಇಲ್ಲ' ಕೊಂಡಿಡುತ್ತಿದ್ದ. ಮಗಳು ಗೆದ್ದರೆ ಆ ದುಡ್ಡು ಹೋಯಿತು, ಹೋಗಲಿ, ಅವಳು ಗೆದ್ದಳಲ್ಲ. ಸೋತರೆ ಅವನ ಕೈಗೆ ನಾಲ್ಕು ಕಾಸು ಬಂತು, ಅದರಲ್ಲಿ ಅವಳಿಗೊಂದು ಜೊತೆ ಬೂಟು, ಒಂದು ರೈಲು ಟಿಕೆಟ್. ಎಲ್ಲಿಂದ ಬಂತು ಎಂದು ಅವನು ಹೇಳುತ್ತಿರಲಿಲ್ಲ, ಅವಳು ಕೇಳುತ್ತಿರಲಿಲ್ಲ. ಇದಕ್ಕಿಂತ ಒಳ್ಳೆ ವ್ಯಾಪಾರ ಭೂಮಿಯ ಮೇಲೆ ಇಲ್ಲವೆಂದು ಆ ಪುಣ್ಯಾತ್ಮ ನಂಬಿದ್ದ. ಹೀಗೆ ಯೋಚಿಸುವ ಅಪ್ಪಂದಿರು ಆ ಪೇಟೆಯಲ್ಲಿ ಇನ್ನೂ ಇದ್ದಾರಂತೆ. ಇರಲಿ, ಅವರ ಮಕ್ಕಳ ಅದೃಷ್ಟ ಅವರಿಗೆ.

ಫೈನಲ್ ಪಂದ್ಯ ಮೇ ತಿಂಗಳ ಒಂದು ಭಾನುವಾರ ಆಲ್ಬೋರ್ಗ್‌ನಲ್ಲಿ. ಅದಕ್ಕೆ ಎರಡು ದಿನ ಮುಂಚೆ ಮಾಯ್ಕೆನ್ ಊಟಕ್ಕೆ ಮನೆಗೆ ಬಂದಳು. ಯುಟ್ಟೆ ಹಂದಿಮಾಂಸ ಗರಿಗರಿಯಾಗಿ ಹುರಿದು, ಆಲೂಗಡ್ಡೆ ಬೇಯಿಸಿ, ಬಿಳಿ ಸಾರು ಮಾಡಿದ್ದಳು. ಮಗಳು ತಟ್ಟೆಯಲ್ಲಿ ಆಲೂಗಡ್ಡೆಯನ್ನು ಅತ್ತಿಂದಿತ್ತ ಉರುಳಿಸುತ್ತಾ ಕೂತಿದ್ದಳು.

"ಯಾಕೆ, ಅಮ್ಮನ ಕೈರುಚಿ ಕೆಟ್ಟೋಯ್ತಾ?" ಎಂದಳು ಯುಟ್ಟೆ.

"ಅದಲ್ಲಮ್ಮ. ಭಾನುವಾರ ಸೋತ್ರೆ ದುಡ್ಡು ಹಾಕೋ ಕಂಪನಿ ಕೈ ಎತ್ತುತ್ತಂತೆ. ಟೀಮೇ ಇರಲ್ಲ. ಗೆದ್ರೆ ಇನ್ನೆರಡು ವರ್ಷ ಒಪ್ಪಂದ." ಅವಳು ಅಪ್ಪನ ಕಡೆ ತಿರುಗಿದಳು. "ಎಲ್ಲರೂ ಆ ಸ್ವೀಡನ್ನಿನವರೇ ಗೆಲ್ಲೋದು ಅಂತಾರೆ. ನಮ್ ಟೀಮಿನ ಅಸ್ಟಾಗೂ ಒಳಗೊಳಗೇ ಹಂಗೇ ಅನ್ಸಿದೆ. ನಾನು ಗೆಲ್ತೀನಿ ಅಂತ ನಿಜವಾಗ್ಲೂ ನಂಬಿರೋನು ನೀನೊಬ್ಬನೇ ಅಪ್ಪಾ. ನೀನು ಬಂದು ಸುಮ್ನೆ ಕೂತ್ಕೋ, ನಂಗಷ್ಟು ಸಾಕು."

"ಕೂತ್ಕೊಳ್ದೆ ಏನು? ಮೊದಲನೇ ಸಾಲಲ್ಲೇ ಕೂತು ಕೂಗ್ತೀನಿ. ಸ್ವೀಡನ್ನಿನವರ ಕಿವಿ ತೂತಾಗ್ಬೇಕು."

ಅವಳು ನಕ್ಕಳು. ಆಲೂಗಡ್ಡೆ ಹೊಟ್ಟೆಗೆ ಹೋಯಿತು.

ಎಗೊನ್ ನಂಬಿದ್ದದ್ದು ಸುಳ್ಳಲ್ಲ, ಪೂರ್ತಿ ನಂಬಿದ್ದ. ಆದರೆ ನಂಬಿಕೆ ಒಂದು ಕಡೆ, ಮಗಳ ಮುಂದಿನ ವರ್ಷ ಒಂದು ಕಡೆ. ಟೀಮು ಮುಚ್ಚಿದರೆ ಅವಳು ಮೀನಿನ ಕಾರ್ಖಾನೆಯಲ್ಲಿ ರಬ್ಬರ್ ಏಪ್ರನ್ ಕಟ್ಟಿಕೊಂಡು ನಿಲ್ಲಬೇಕು. ಒಂದು ವರ್ಷದ ಬಾಡಿಗೆ, ಊಟ ನೋಡಿಕೊಂಡರೆ ಬೇರೆ ಟೀಮು ಹುಡುಕಿಕೊಳ್ಳುತ್ತಾಳೆ. ತನ್ನ ಹಳೆಯ ದೋಣಿ ಮಾರಿದ ದುಡ್ಡು ಬ್ಯಾಂಕಿನಲ್ಲಿತ್ತು. ಹಾಗೇ ಕೊಟ್ಟರೆ ಅವಳು ಮುಟ್ಟುವವಳಲ್ಲ, ಅದೂ ಅಲ್ಲದೆ ಒಂದು ವರ್ಷಕ್ಕೆ ಸಾಲುವುದೂ ಇಲ್ಲ. 'ಇಲ್ಲ' ಅಗ್ಗಕ್ಕೆ ಇಳಿದಾಗ ಕೊಂಡರೆ ಎರಡೂವರೆ ಪಟ್ಟು ಆಗುತ್ತದೆ. ಗೆದ್ದರೋ, ದೋಣಿ ಮುಳುಗಿತು ಅಂದುಕೊಂಡರಾಯಿತು. ಅದಕ್ಕಿಂತ ಸಂತೋಷವಾಗಿ ಯಾರ ದೋಣಿ ಮುಳುಗೀತು ಎಂದು ಅವನಿಗೆ ನಗುವೇ ಬಂತು.

ಭಾನುವಾರ ಮಧ್ಯಾಹ್ನ ಇಬ್ಬರೂ ಮೊದಲನೇ ಸಾಲಿನಲ್ಲಿ ಕೂತರು. ಮೂರು ಆಟ, ಎರಡು ಗೆದ್ದವರಿಗೆ ಕಪ್. ಮೊದಲನೆಯದನ್ನು ಸ್ವೀಡನ್ನಿನವರು ಗೆದ್ದರು, ಎರಡನೆಯದನ್ನು ನಮ್ಮ ಹುಡುಗಿಯರು. ಎಗೊನ್ ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ಕೊನೆಯ ಆಟಕ್ಕೆ ಮುಂಚೆ ಹದಿನೈದು ನಿಮಿಷ ಬಿಡುವು. 'ಹೌದು' ಅರವತ್ತೊಂದಕ್ಕೆ ಏರಿತ್ತು, 'ಇಲ್ಲ' ಮೂವತ್ತೊಂಬತ್ತಕ್ಕೆ ಸಿಗುತ್ತಿತ್ತು. ಇದೇ ಸಮಯ ಎಂದುಕೊಂಡ.

ಪೇಟೆಯಲ್ಲಿ ಪಳಗಿದವರು ದೊಡ್ಡ ಮೊತ್ತವನ್ನು ಇಷ್ಟಿಷ್ಟೇ ತುಂಡು ಮಾಡಿ, ಯಾರ ಕಣ್ಣಿಗೂ ಬೀಳದಂತೆ ಕೊಳ್ಳುತ್ತಾರೆ. ಎಗೊನ್ ಹರಾಜಿನವನು. ಹರಾಜಿನಲ್ಲಿ ರಾಶಿ ಎಂದರೆ ಇಡೀ ರಾಶಿ, ಒಂದೇ ಕೂಗಿಗೆ ಹೋಗಬೇಕು. ಚೌಕಾಸಿ ಮಾಡಿ ಅರ್ಧ ಪೆಟ್ಟಿಗೆ ಕೇಳುವವರನ್ನು ಅವನು ಮೂವತ್ತನಾಲ್ಕು ವರ್ಷ ಎಲ್ಲರೆದುರು ಹಂಗಿಸಿದ್ದವನು. ದೋಣಿಯ ದುಡ್ಡನ್ನು ಪೂರ್ತಿ ಸುರಿದು, ಒಂದೇ ಏಟಿಗೆ 'ಇಲ್ಲ' ಕೊಂಡ. ಹೆಣ್ಣುಮಕ್ಕಳ ಪಂದ್ಯಕ್ಕೆ ಆ ಪೇಟೆಯಲ್ಲಿ ಅಷ್ಟೊಂದು ಚೀಟಿಗಳೇ ಇರಲಿಲ್ಲ. ಇದ್ದಬದ್ದದ್ದನ್ನೆಲ್ಲ ಅವನ ದುಡ್ಡು ಗುಡಿಸಿಕೊಂಡು ಹೋಯಿತು. 'ಹೌದು' ಅರವತ್ತೊಂದರಿಂದ ಇಪ್ಪತ್ತೇಳಕ್ಕೆ ಬಿತ್ತು.

ಆ ಗೆರೆ ಅವನ ಅಂಗೈಯಲ್ಲಿ ಮಾತ್ರ ಇದ್ದಿದ್ದರೆ ಚೆನ್ನಾಗಿತ್ತು. ಆ ಸಲ ಅದನ್ನು ವೇದಿಕೆಯ ಮೇಲಿನ ದೊಡ್ಡ ಪರದೆಯಲ್ಲೂ ತೋರಿಸುತ್ತಿದ್ದರು. ಗೆರೆ ದೊಪ್ಪನೆ ಬಿದ್ದದ್ದನ್ನು ನೋಡಿ ಇಡೀ ಸಭಾಂಗಣ "ಓ" ಎಂದಿತು. ವೀಕ್ಷಕ ವಿವರಣೆಗಾರ ಕುರ್ಚಿಯಿಂದ ಎದ್ದೇಬಿಟ್ಟ.

"ಇದೇನ್ರೀ ಇದು! ಯಾರಿಗೋ ಏನೋ ಗೊತ್ತಿದೆ ಸ್ವಾಮಿ! ನಾಯಕಿ ಮಾಯ್ಕೆನ್ ಕೈಗೆ ಪೆಟ್ಟಾಗಿದ್ಯಾ? ಯಾರಿದು ಇಷ್ಟೊಂದು 'ಇಲ್ಲ' ಕೊಂಡೋರು, ತೋರಿಸಿ, ತೋರಿಸಿ!"

ಪರದೆಯ ಮೇಲೆ ಪಟ್ಟಿ ಬಂತು. ಎಲ್ಲಕ್ಕಿಂತ ಮೇಲೆ, ಮೊಳದುದ್ದದ ಅಕ್ಷರದಲ್ಲಿ: ಇಸಿಂಗ್. ಇಲ್ಲ.

ಹುಡುಗಿಯರು ವೇದಿಕೆಯ ಮೇಲೆ ನೀರು ಕುಡಿಯುತ್ತಾ ನಿಂತಿದ್ದರು. ಐವರೂ ತಲೆಯೆತ್ತಿ ಓದಿದರು. ಅಸ್ಟಾ ಮಾಯ್ಕೆನ್‌ಳನ್ನು ನೋಡಿದಳು, ಏನೋ ಕೇಳಿದಳು. ಮಾಯ್ಕೆನ್‌ಳ ಕಣ್ಣು ಮೊದಲನೇ ಸಾಲಿನಲ್ಲಿ ಅಪ್ಪನನ್ನು ಹುಡುಕಿತು. ಎಗೊನ್‌ಗೆ ಇನ್ನೂ ಏನೂ ಹೊಳೆದಿರಲಿಲ್ಲ. ಮಗಳು ನನ್ನ ಕಡೆ ನೋಡಿದಳು ಎಂದಷ್ಟೇ ಗೊತ್ತಾಗಿ, ಫೋನು ಹಿಡಿದ ಕೈಯನ್ನೇ ಮೇಲೆತ್ತಿ ಆಡಿಸಿದ.

"ಎಗೊನ್," ಎಂದಳು ಯುಟ್ಟೆ. ಅವಳ ದನಿ ಬೇರೆಯೇ ಆಗಿತ್ತು. "ಅಲ್ಲಿ ಬರೆದಿರೋದು ನೀನಾ?"

"ಹೂಂ. ಅವಳಿಗೋಸ್ಕರಾನೇ ಕಣೇ. ಅಕಸ್ಮಾತ್ ಸೋತ್ರೆ ಅಂತ."

"ಅವಳಿಗೇನು ಹಂಗೆ ಕಾಣುತ್ತಾ ಅದು? ನೋಡು ಅವಳ ಮುಖ."

ನೋಡಿದ. ಎದ್ದು ನಿಂತು "ಇಸಿಂಗ್!" ಎಂದು ಕೂಗಲು ಬಾಯಿ ತೆರೆದ, ಆದರೆ ಆ ಹೆಸರು ಆಗ ಪರದೆಯ ಮೇಲಿತ್ತು. ಬಿದ್ದುಹೋದ ಗಂಟಲಿನಿಂದ ದನಿ ಹೊರಡಲೂ ಇಲ್ಲ. ಅಷ್ಟರಲ್ಲಿ ಹುಡುಗಿಯರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಾಗಿತ್ತು.

ಕೊನೆಯ ಆಟ ಸಮಸಮ ಹೋಯಿತು. ಹನ್ನೆರಡು, ಹನ್ನೆರಡು. ಉಳಿದದ್ದು ಒಂದೇ ಸುತ್ತು. ಎಗೊನ್ ಆ ಸುತ್ತನ್ನು ನೋಡಲಿಲ್ಲ, ದರದ ಗೆರೆಯನ್ನು ನೋಡುತ್ತಿದ್ದ. ಅದೊಂದನ್ನೇ ಅಲ್ಲವೇ ಅವನಿಗೆ ಓದಲು ಬರುತ್ತಿದ್ದದ್ದು. ಗೆರೆ ನಲವತ್ತೈದಕ್ಕೆ ಏರಿತು, ಐವತ್ತೆರಡಾಯಿತು, ಮತ್ತೆ ಕಲ್ಲು ಹಾಕಿದಂತೆ ಸೊನ್ನೆಗೆ ಬಿತ್ತು. ಸ್ವೀಡನ್ನಿನವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಅವನ ಫೋನು ಒಮ್ಮೆ ಮಿಡಿಯಿತು: ಅಭಿನಂದನೆಗಳು, ನಿಮ್ಮ ಊಹೆ ನಿಜವಾಯಿತು.

ಸಭಾಂಗಣದ ಹಿಂಬಾಗಿಲ ಹತ್ತಿರ ಐಸ್‌ಕ್ರೀಮಿನ ಅಂಗಡಿ ಇತ್ತು. ಎಗೊನ್ ಒಂದನ್ನು ಕೊಂಡು, ಮೇಲೆ ಕಪ್ಪು ಪುಡಿ ಉದುರಿಸಿಕೊಂಡು ನಿಂತ. ಯುಟ್ಟೆ "ಇವತ್ತು ಬೇಡ ಕಣೋ, ನಿನ್ನ ಕಾಲಿಗೆ ಬೀಳ್ತೀನಿ" ಎಂದಳು. ಕೇಳಲಿಲ್ಲ. ಬೇರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿದ್ದರೆ ತಾನೆ?

ಮಾಯ್ಕೆನ್ ಚೀಲ ಹೆಗಲಿಗೇರಿಸಿಕೊಂಡು ಒಬ್ಬಳೇ ಬಂದಳು. ಉಳಿದ ನಾಲ್ವರು ಬೇರೆ ಬಾಗಿಲಿಂದ ಹೋಗಿದ್ದರು. ಅಪ್ಪನನ್ನು ನೋಡಿದಳು, ಐಸ್‌ಕ್ರೀಮನ್ನು ನೋಡಿದಳು.

"ನನ್ನ ಹೆಸರೇ ಬೇಕಿತ್ತಾ ಅಪ್ಪಾ?"

"ಅದು... ನಾನು ಕರೆಯೋ ಹೆಸರಲ್ವಾ ಮಗಾ."

"ನಾನೇ ಸೋಲಕ್ಕೆ ದುಡ್ಡು ತಗೊಂಡಿದ್ದೀನಿ ಅಂದ್ಕೊಂಡ್ರು. ಅಸ್ಟಾ ಕೇಳಿದ್ಲು, 'ನಿಮ್ಮಪ್ಪಂಗೆ ಏನು ಹೇಳಿದ್ದೀಯ?' ಅಂತ. ನಂಗೆ ಬಾಯೇ ಬರ್ಲಿಲ್ಲ. ಏನಂತ ಹೇಳ್ಲಿ? ನಮ್ಮಪ್ಪನೂ ನಂಬಿರ್ಲಿಲ್ಲ ಅಂತ ಹೇಳ್ಲಾ?"

"ನಂಬಿದ್ದೆ! ದೇವರಾಣೆ ನಂಬಿದ್ದೆ. ನೀನು ಗೆದ್ದಿದ್ರೆ ದೋಣಿ ದುಡ್ಡು ಪೂರ್ತಿ ಹೋಗ್ತಿತ್ತು, ಹೋಗ್ಲಿ ಅಂತಾನೇ ಹಾಕಿದ್ದು. ಸೋತ್ರೆ ಒಂದು ವರ್ಷ ನಿಂಗೆ ತೊಂದ್ರೆ ಆಗ್ಬಾರ್ದು ಅಂತ..."

"ಗೆದ್ದಿದ್ರೆ ನಂಗೆ ಏನು ಕೊಡಿಸ್ತಿದ್ದೆ?"

ಎಗೊನ್ ಕರಗುತ್ತಿದ್ದ ಐಸ್‌ಕ್ರೀಮನ್ನು ಇನ್ನಷ್ಟು ಮುಂದೆ ಚಾಚಿದ. ಗೆಲುವಿಗೆಂದು ಅವನು ಏನನ್ನೂ ತೆಗೆದಿಟ್ಟಿರಲಿಲ್ಲ, ಅವತ್ತಿಗೂ, ಯಾವತ್ತಿಗೂ.

"ಶಾಲೇಲಿದ್ದಾಗ ಒಂದ್ಸಲ ಪಕ್ಕದೂರು ಥಿಸ್ಟೆಡ್‌ನವರ ಮೇಲೆ ಗೆದ್ದು ಬಂದಿದ್ದೆ," ಎಂದಳು ಅವಳು. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ಹನ್ನೊಂದು ಗೋಲು ನಾನೇ ಹೊಡೆದಿದ್ದೆ. ಐಸ್‌ಕ್ರೀಮ್ ಕೊಡ್ಸಪ್ಪಾ ಅಂದೆ. ನೀನು 'ಗೆದ್ದಿದ್ದೀಯಲ್ಲ, ಇನ್ನೇನು ಬೇಕು' ಅಂದ್ಬಿಟ್ಟೆ. ಅದರ ಮುಂದಿನ ಎರಡು ಮ್ಯಾಚು ನಾನು ಬೇಕಂತ್ಲೇ ಸೋತಿದ್ದು. ಗೊತ್ತಾ ನಿಂಗೆ? ನಿನ್ನ ಜೊತೆ ಬಂದರಿಗೆ ಹೋಗ್ಬೇಕಿತ್ತು, ಅದಕ್ಕೆ."

ಅವಳು ಐಸ್‌ಕ್ರೀಮನ್ನು ಅವನ ಕೈಯಿಂದ ತೆಗೆದುಕೊಂಡಳು. ಅಲ್ಲೇ ನಿಂತು, ಅವನನ್ನು ನೋಡದೆ, ಕೊನೆಯ ಚೂರಿನವರೆಗೂ ತಿಂದಳು. ಕೊಟ್ಟದ್ದನ್ನು ಬಿಸಾಡಬಾರದು ಎಂದು ಕಲಿಸಿದ್ದವನು ಅವನೇ. ತಿಂದು ಮುಗಿಸಿ ಕೈ ಒರೆಸಿಕೊಂಡಳು.

"ಇನ್ಮೇಲೆ ನನ್ನ ಮ್ಯಾಚಿಗೆ ಬರ್ಬೇಡ ಅಪ್ಪಾ," ಎಂದಳು. ಅಮ್ಮನನ್ನು ತಬ್ಬಿಕೊಂಡು, ಬಸ್ ನಿಲ್ದಾಣದ ಕಡೆ ನಡೆದುಹೋದಳು.

ಆಟದ ಮಂಡಳಿಯವರು ವಿಚಾರಣೆ ಮಾಡಿದರು. ಮನೆಯವರು ಚೀಟಿ ಕೊಳ್ಳಬಾರದೆಂದು ನಿಯಮವಿತ್ತಂತೆ, ಎಗೊನ್ ಅದನ್ನು ಓದಿರಲಿಲ್ಲ. ಅವನ ಖಾತೆ ಮುಚ್ಚಿದರು, ಗೆದ್ದ ದುಡ್ಡು ಕೊಡಲಿಲ್ಲ, ಹಾಕಿದ್ದನ್ನಷ್ಟೇ ಹಿಂತಿರುಗಿಸಿದರು. ಮಾಯ್ಕೆನ್‌ಳದೇನೂ ತಪ್ಪಿಲ್ಲವೆಂದು ಕಾಗದ ಬಂತು. ಅದು ಬರುವ ಹೊತ್ತಿಗೆ ಟೀಮು ಮುಚ್ಚಿತ್ತು, ಅವಳು ಏಪ್ರನ್ ಕಟ್ಟಿಯೂ ಆಗಿತ್ತು, ಆದರೆ ನಮ್ಮೂರಿನಲ್ಲಲ್ಲ, ದೂರದ ಸ್ಕಾಯೆನ್‌ನಲ್ಲಿ. ವಾರಕ್ಕೊಮ್ಮೆ ಅಮ್ಮನಿಗೆ ಫೋನು ಮಾಡುತ್ತಿದ್ದಳು. "ಅಪ್ಪ ಹುಷಾರಾಗಿದ್ದಾನಾ?" ಎಂದು ಕೇಳುತ್ತಿದ್ದಳು. "ಕೊಡ್ಲಾ?" ಎಂದರೆ, "ಬೇಡಮ್ಮ" ಎನ್ನುತ್ತಿದ್ದಳು. ಎಗೊನ್ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ.

ಆ ಚಳಿಗಾಲ ಅವನು ಆಟ ಕಲಿತ. ಅರವತ್ತನಾಲ್ಕರ ವಯಸ್ಸಿನಲ್ಲಿ, ಊರಿನ ಗ್ರಂಥಾಲಯದ ಕಂಪ್ಯೂಟರಿನ ಮುಂದೆ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು. ಒಂದು ಕಡೆಯವರು ಎರಡು ಕೋಣೆಗಳಲ್ಲಿ ಯಾವುದಾದರೂ ಒಂದಕ್ಕೆ ನುಗ್ಗಬೇಕು, ಇನ್ನೊಂದು ಕಡೆಯವರು ತಡೆಯಬೇಕು. ಯಾವ ಬಾಗಿಲಿಗೆ ನುಗ್ಗುವುದೆಂದು ಹೇಳುವವಳು ನಾಯಕಿ. ಅವಳು ಮುಂದೆ ಹೋಗಿ ಬೀಳಲಿಕ್ಕೂ ಸಿದ್ಧಳಿರುತ್ತಾಳೆ, ಹಿಂದಿನವರು ಅವಳನ್ನು ದಾಟಿ ಕೋಣೆ ಹಿಡಿಯಬೇಕು. ಇಷ್ಟು ಅರ್ಥವಾಗಲು ಎರಡು ತಿಂಗಳು ಹಿಡಿಯಿತು. "ಸದ್ಯ, ಈಗಾದ್ರೂ ವೇದಿಕೆ ನೋಡಕ್ಕೆ ಬಂತಲ್ಲ," ಎಂದಳು ಯುಟ್ಟೆ. ಹೇಳಿದ ಮೇಲೆ ಹೇಳಬಾರದಿತ್ತು ಎಂದು ನೊಂದುಕೊಂಡಳು.

ಫೆಬ್ರವರಿಯ ಒಂದು ಬೆಳಿಗ್ಗೆ ಅವನು ಆ ಫೈನಲ್ಲಿನ ಕೊನೆಯ ಸುತ್ತನ್ನು ಹಾಕಿ ನೋಡಿದ. ಯಾವ ಆಟಗಾರ್ತಿಯ ಕಣ್ಣಿನಿಂದ ಬೇಕಾದರೂ ನೋಡಬಹುದು, ಅವನು ಮಗಳ ಕಣ್ಣಿನಿಂದ ನೋಡಿದ. ವಿಚಾರಣೆಗಾಗಿ ಹೊರಬಿಟ್ಟಿದ್ದ ಟೀಮಿನ ಹುಡುಗಿಯರ ಮಾತುಗಳೂ ಅದರೊಂದಿಗೆ ಇದ್ದವು.

"ಎಡಗಡೆ ಬಾಗಿಲು. ಅಲ್ಲಿ ಒಬ್ಬಳೇ ಇದ್ದಾಳೆ. ಎಲ್ಲರೂ ನನ್ನ ಹಿಂದೆ ಬನ್ನಿ," ಎಂದಿತು ಮಾಯ್ಕೆನ್‌ಳ ದನಿ.

ಯಾರೂ ಹೂಂ ಎನ್ನಲಿಲ್ಲ.

ಅವಳು ಎಡಗಡೆಯ ಬಾಗಿಲಿಗೆ ಓಡಿದಳು. ಎಗೊನ್ ಪರದೆ ನಿಲ್ಲಿಸಿ, ಆಟದ ನಕ್ಷೆ ತೆರೆದು ನೋಡಿದ. ಅವಳು ಹೇಳಿದ್ದು ಸರಿಯಿತ್ತು. ಆ ಕೋಣೆಯಲ್ಲಿ ಸ್ವೀಡನ್ನಿನವಳು ಒಬ್ಬಳೇ ಇದ್ದಳು. ನಮ್ಮ ಐವರೂ ನುಗ್ಗಿದ್ದರೆ ಕಪ್ ಅವರದೇ. ಉಳಿದ ನಾಲ್ವರು ಬಲಗಡೆ ಹೋಗಿದ್ದರು.

ಮತ್ತೆ ಓಡಿಸಿದ. ಬಾಗಿಲ ಹತ್ತಿರ ಅವಳು ನಿಂತಳು. ಹಿಂದೆ ತಿರುಗಿದಳು. ಖಾಲಿ ಓಣಿ ಕಂಡಿತು. ಮುಂದಕ್ಕೆ ತಿರುಗಿದಳು, ಇನ್ನೊಮ್ಮೆ ಹಿಂದೆ ನೋಡಿದಳು, ಈ ಸಲ ಸ್ವಲ್ಪ ಹೊತ್ತು ಹೆಚ್ಚು. ಓಣಿಯಲ್ಲಿ ಯಾರೂ ಇರಲಿಲ್ಲ. ಆಮೇಲೆ ಒಬ್ಬಳೇ ಒಳಗೆ ಹೋದಳು.

ಇದೆಲ್ಲ ನಡೆಯುವಾಗ ತಾನು ಹತ್ತು ಮೀಟರ್ ದೂರದಲ್ಲಿ ಕೂತು ಅಂಗೈ ನೋಡುತ್ತಿದ್ದೆ ಎಂಬುದು ಎಗೊನ್‌ಗೆ ನೆನಪಾಯಿತು. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅತ್ತ. ಗ್ರಂಥಾಲಯದ ಹೆಂಗಸು ಎದ್ದು ಬಂದು ಒಂದು ಲೋಟ ನೀರಿಟ್ಟು ಹೋದಳು.

ಹೊರಗೆ ಬಂದು ಮಗಳಿಗೆ ಫೋನು ಮಾಡಿದ. ಎತ್ತಲಿಲ್ಲ. ನಿಮ್ಮ ಮಾತನ್ನು ಧ್ವನಿಮುದ್ರಿಸಿ ಎಂದಿತು ಫೋನಿನ ಯಂತ್ರ.

"ಇಸಿಂಗ್," ಎಂದು ಶುರುಮಾಡಿದವನು ತಡೆದ. "ಮಾಯ್ಕೆನ್. ನಾನು, ಅಪ್ಪ. ಈಗ ನೋಡ್ದೆ ಕಣಮ್ಮ. ಎಡಗಡೆ ಬಾಗಿಲು ಸರಿಯಿತ್ತು. ಅಲ್ಲಿ ಒಬ್ಬಳೇ ಇದ್ಲು. ನೀನು ಎರಡು ಸಲ ಹಿಂದೆ ತಿರುಗಿ ನೋಡಿದ್ದೆ."

ಇನ್ನೂ ಏನೋ ಹೇಳಬೇಕಿತ್ತು. ಬಂದರಿನ ಕಡೆಯಿಂದ ಗಾಳಿ ಜೋರಾಗಿ ಬೀಸುತ್ತಿತ್ತು, ಯಂತ್ರ ಅವನ ಉಸಿರನ್ನೇ ಅಷ್ಟು ಹೊತ್ತು ಹಿಡಿದುಕೊಂಡು, ಆಮೇಲೆ ತಾನಾಗಿಯೇ ನಿಂತುಹೋಯಿತು.